ನೆಲ ಮುಟ್ಟುವ ಉಕ್ಕು

2023ರ ಆಗಸ್ಟ್ 31ರಂದು ಬೆಂಗಳೂರಿನಿಂದ ಹೊರಟ ಇಂಡಿಗೋ ಕಂಪನಿಯ ಎಟಿಆರ್ ವಿಮಾನವೊಂದು ಸೋಗಾನೆಯ ಹೊಸ ರನ್‌ವೇಯಲ್ಲಿ ಇಳಿಯಿತು. ಶಿವಮೊಗ್ಗಕ್ಕೆ ಟಿಕೇಟು ಕೊಟ್ಟು ಬಂದವರ ಮೊದಲ ವಿಮಾನ ಅದು. ಅದೇ ವರ್ಷದ ಜನವರಿಯಲ್ಲಿ ಇನ್ನೊಂದು ಸುದ್ದಿ ಬಂದಿತ್ತು: ಭದ್ರಾವತಿಯ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆಯನ್ನು ಮುಚ್ಚುವುದೆಂದು ಅದರ ಒಡೆತನದ ಸೈಲ್ ಸಂಸ್ಥೆಯ ಆಡಳಿತ ಮಂಡಳಿ ತೀರ್ಮಾನಿಸಿತ್ತು. ಕಾರ್ಖಾನೆಗೆ ಸರಿಯಾಗಿ ನೂರು ತುಂಬಿದ ತಿಂಗಳದು. ಸೋಗಾನೆಗೂ ನಮ್ಮ ಜನ್ನಾಪುರಕ್ಕೂ ಬಹಳ ದೂರವಿಲ್ಲ. ವಿಮಾನ ಬಂತೆಂದು ಹಿಗ್ಗಿದವರೂ ಕಾರ್ಖಾನೆ ಹೋಯಿತೆಂದು ಗೇಟಿನ ಮುಂದೆ ಕೂತವರೂ ಒಂದೇ ಊರಿನವರು, ಎಷ್ಟೋ ಸಲ ಒಂದೇ ಮನೆಯವರು.

ಈ ಎರಡು ಸುದ್ದಿಗಳನ್ನು ಪತ್ರಿಕೆಗಳು ಬೇರೆ ಬೇರೆ ಪುಟದಲ್ಲಿ ಹಾಕಿದವು. ನನಗೆ ಅವು ಒಂದೇ ಕಥೆಯ ಎರಡು ತುದಿಗಳಂತೆ ಕಾಣುತ್ತವೆ. ಆ ತುದಿಗಳು ಸೇರುವ ಜಾಗ ವಿಮಾನದ ರೆಕ್ಕೆಯಲ್ಲಾಗಲೀ ಎಂಜಿನ್ನಿನಲ್ಲಾಗಲೀ ಇಲ್ಲ. ಅದು ಇರುವುದು ಕಾಲಿನಲ್ಲಿ.

ಇಂಗ್ಲಿಷಿನಲ್ಲಿ ಲ್ಯಾಂಡಿಂಗ್ ಗೇರ್ ಅಥವಾ ಅಂಡರ್‌ಕ್ಯಾರೇಜ್ ಎನ್ನುತ್ತಾರೆ. ನಾವು ಸುಮ್ಮನೆ ‘ವಿಮಾನದ ಚಕ್ರ’ ಎಂದುಬಿಡುತ್ತೇವೆ. ಆದರೆ ಚಕ್ರ ಅದರ ಸಣ್ಣ ಭಾಗ. ಚಕ್ರದ ಮೇಲಿನ ಕಂಬ, ಕಂಬದೊಳಗಿನ ಎಣ್ಣೆ ಮತ್ತು ಅನಿಲ, ಅದನ್ನು ಮಡಚುವ ಹೈಡ್ರಾಲಿಕ್ ತೋಳು, ಕೆಳಗೆ ಬಂದ ಮೇಲೆ ಜಗ್ಗದಂತೆ ಹಿಡಿಯುವ ಬೀಗ, ಬ್ರೇಕು, ಇವೆಲ್ಲ ಸೇರಿ ಒಂದು ಕಾಲು. ಹಾರುವಾಗ ಈ ಕಾಲಿನಿಂದ ಏನೂ ಉಪಯೋಗವಿಲ್ಲ, ಹೊತ್ತುಕೊಂಡು ಹೋಗುವ ಹೊರೆ ಅಷ್ಟೆ. ವಿಮಾನದ ಒಟ್ಟು ತೂಕದಲ್ಲಿ ನೂರಕ್ಕೆ ಮೂರರಿಂದ ಆರು ಪಾಲು ಈ ಹೊರೆಗೇ ಹೋಗುತ್ತದೆ. ಅದು ದುಡಿಯುವುದು ಏರುವಾಗಿನ ಅರ್ಧ ನಿಮಿಷ, ಇಳಿಯುವಾಗಿನ ಅರ್ಧ ನಿಮಿಷ. ಆ ಅರ್ಧ ನಿಮಿಷ ಕೈಕೊಟ್ಟರೆ ಉಳಿದ ಒಂದೂವರೆ ಗಂಟೆಯ ಹಾರಾಟಕ್ಕೆ ಅರ್ಥವಿಲ್ಲ.

ಎಟಿಆರ್ ವಿಮಾನದ ರೆಕ್ಕೆ ಮೈಯ ಮೇಲ್ಗಡೆ ಇದೆ. ಅಷ್ಟೆತ್ತರದ ರೆಕ್ಕೆಯಿಂದ ಕಾಲು ಇಳಿಬಿಟ್ಟರೆ ಅದು ಕೊಕ್ಕರೆಯ ಕಾಲಾಗುತ್ತದೆ, ಉದ್ದ, ತೆಳು, ಭಾರ. ಅದಕ್ಕೇ ಅದರ ಕಾಲುಗಳನ್ನು ಹೊಟ್ಟೆಯ ಎರಡೂ ಬದಿಯ ಉಬ್ಬುಗಳೊಳಗೆ ಮಡಚಿ ಇಟ್ಟಿದ್ದಾರೆ. ಸೋಗಾನೆಯಲ್ಲಿ ವಿಮಾನ ಇಳಿಯುವುದನ್ನು ಬೇಲಿಯಾಚೆಯಿಂದ ನೋಡುವವರು ಆ ಉಬ್ಬುಗಳನ್ನು ಗಮನಿಸಬಹುದು. ದೊಡ್ಡ ಪ್ರಯಾಣಿಕ ವಿಮಾನಗಳಿಗೆ ಜಗತ್ತಿನಾದ್ಯಂತ ಒಪ್ಪಿತವಾದ ಒಂದು ಲೆಕ್ಕವಿದೆ: ಇಳಿಯುವ ಪೂರ್ತಿ ತೂಕದಲ್ಲಿ, ಸೆಕೆಂಡಿಗೆ ಹತ್ತು ಅಡಿ, ಅಂದರೆ ಸುಮಾರು 3 ಮೀಟರ್ ವೇಗದಲ್ಲಿ ಕೆಳಕ್ಕೆ ಬಂದು ನೆಲಕ್ಕೆ ಬಡಿದರೂ ಕಾಲು ತಡೆಯಬೇಕು. ಒಳ್ಳೆಯ ಪೈಲಟ್ ಒಬ್ಬ ಇದರ ಮೂರನೇ ಒಂದು ಪಾಲನ್ನೂ ಮುಟ್ಟಿಸುವುದಿಲ್ಲ. ಆದರೆ ಕಾಲನ್ನು ಮಾಡುವುದು ಒಳ್ಳೆಯ ಪೈಲಟ್‌ನ ಒಳ್ಳೆಯ ದಿನಕ್ಕಲ್ಲ, ಮಳೆ ಗಾಳಿಯ ದಿನಕ್ಕೆ.

ರೈಟ್ ಸಹೋದರರ 1903ರ ವಿಮಾನಕ್ಕೆ ಚಕ್ರವೇ ಇರಲಿಲ್ಲ. ಮರದ ಹಳಿಯ ಮೇಲಿಂದ ಜಾರಿ ಏರಿತು, ಜಾರುಪಟ್ಟಿಗಳ ಮೇಲೆ ಮರಳಿಗೆ ಇಳಿಯಿತು. ಸ್ವಲ್ಪ ಕಾಲದಲ್ಲೇ ಸೈಕಲ್ಲಿನಂಥ ಚಕ್ರಗಳು ಬಂದವು. ಧಕ್ಕೆ ತಡೆಯಲು ಅಚ್ಚಿಗೆ ರಬ್ಬರಿನ ಹಗ್ಗ ಸುತ್ತಿದರು. ರಬ್ಬರಿನ ತೊಂದರೆಯೇನೆಂದರೆ ಅದು ಪೆಟ್ಟನ್ನು ನುಂಗುವುದಿಲ್ಲ, ಸಾಲ ಪಡೆದಂತೆ ಪಡೆದು ಕೂಡಲೇ ವಾಪಸು ಕೊಡುತ್ತದೆ. ವಿಮಾನ ನೆಲ ಮುಟ್ಟಿ ಚೆಂಡಿನಂತೆ ಪುಟಿಯುತ್ತದೆ.

ಇದಕ್ಕೆ ಉತ್ತರ ಸಿಕ್ಕಿದ್ದು ಫಿರಂಗಿಯಿಂದ. ಗುಂಡು ಹಾರಿದಾಗ ಫಿರಂಗಿಯ ನಳಿಕೆ ಹಿಂದಕ್ಕೆ ಒದೆಯುತ್ತದೆ. ಆ ಒದೆತವನ್ನು ತಡೆಯಲು ವಿಕರ್ಸ್ ಕಂಪನಿಯವರು ಎಣ್ಣೆಯನ್ನು ಅಳತೆಯ ಸಣ್ಣ ತೂತಿನ ಮೂಲಕ ನುಗ್ಗಿಸುವ ಉಪಾಯ ಮಾಡಿಕೊಂಡಿದ್ದರು. 1915ರಲ್ಲಿ ಅದೇ ಉಪಾಯವನ್ನು ವಿಮಾನದ ಕಾಲಿಗೆ ತಂದರು. ಮೊದಲು ಬಳಸಿದ್ದು ಫ್ರಾನ್ಸಿನ ಬ್ರೆಗೆ ಕಂಪನಿ. ಒಂದು ಕೊಳವೆಯೊಳಗೆ ಇನ್ನೊಂದು ಕೊಳವೆ ಜಾರುತ್ತದೆ. ಒಳಗಿನ ಅನಿಲ ಒತ್ತಿಕೊಂಡು ಸ್ಪ್ರಿಂಗಿನ ಕೆಲಸ ಮಾಡುತ್ತದೆ, ಎಣ್ಣೆ ತೂತಿನಲ್ಲಿ ತೂರಿ ಹೋಗುವಾಗ ಪೆಟ್ಟಿನ ಶಕ್ತಿ ಬಿಸಿಯಾಗಿ ಕರಗಿಹೋಗುತ್ತದೆ. ಇದಕ್ಕೆ ಓಲಿಯೋ ಎಂದು ಹೆಸರು. ನೂರು ವರ್ಷ ದಾಟಿದರೂ ಸೋಗಾನೆಗೆ ಬರುವ ಎಟಿಆರ್‌ನಲ್ಲಿರುವುದು ಇದೇ ತತ್ತ್ವ. ನಾವು ಹತ್ತುವ ಬೈಕಿನ ಮುಂದಿನ ಫೋರ್ಕೂ ಈ ಮನೆತನದ್ದೇ ಕೂಸು.

ಜಾರ್ಜ್ ಡೌಟಿ ಎಂಬ ಇಂಗ್ಲಿಷ್ ಎಂಜಿನಿಯರನ ಕಥೆಯನ್ನು ಇಲ್ಲಿ ಬಿಡಲಾಗದು. ಚಕ್ರದ ಒಳಗೇ ಸ್ಪ್ರಿಂಗು ಇಡುವ ವಿನ್ಯಾಸವೊಂದನ್ನು ಮಾಡಿ ಅವನು ಕೂತಿದ್ದ. 1931ರಲ್ಲಿ ಜಪಾನಿನ ಕವಾಸಾಕಿ ಕಂಪನಿ ಅಂಥ ಆರು ಚಕ್ರ ಕೊಡುತ್ತೀರಾ ಎಂದು ಕೇಳಿತು. ಅವನ ಬಳಿ ಕಾರ್ಖಾನೆಯೇ ಇರಲಿಲ್ಲ. ಕೆಲಸ ಬಿಟ್ಟು, ಬಾಡಿಗೆಯ ಜಾಗದಲ್ಲಿ ಆ ಆರು ಚಕ್ರಗಳನ್ನು ಮಾಡಿ ಕಳಿಸಿದ. ಮುಂದೆ ವಿಮಾನದ ಕಾಲು ಎಂದರೆ ಡೌಟಿ ಎನ್ನುವಷ್ಟರ ಮಟ್ಟಿಗೆ ಅವನ ಹೆಸರು ಬೆಳೆಯಿತು.

ಈಗ ಮೈಸೂರು ಸಂಸ್ಥಾನಕ್ಕೆ ಬರೋಣ. ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾದದ್ದು 1923ರ ಜನವರಿಯಲ್ಲಿ. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಇದ್ದಿಲು, ಭದ್ರಾ ಹೊಳೆಯ ನೀರು. ನಷ್ಟದ ಕೂಪ ಎಂದು ಟೀಕೆ ಕೇಳಿಬಂದಾಗ ಅದನ್ನು ನಿಲ್ಲಿಸಿ ಕಟ್ಟಿದವರು ದಿವಾನಗಿರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರು. 1936ರಲ್ಲಿ ಇಲ್ಲಿ ಉಕ್ಕು ತಯಾರಾಗತೊಡಗಿತು. ಐದು ವರ್ಷ ಕಳೆಯುವುದರೊಳಗೆ, 1940ರ ಡಿಸೆಂಬರಿನಲ್ಲಿ, ವಾಲ್‌ಚಂದ್ ಹೀರಾಚಂದರ ಜೊತೆ ಕೈಜೋಡಿಸಿ ಇದೇ ಮೈಸೂರು ಸರ್ಕಾರ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿಯನ್ನು ನಿಲ್ಲಿಸಿತು. ಉಕ್ಕಿನ ಮನೆ ಭದ್ರಾವತಿಯಲ್ಲಿ, ವಿಮಾನದ ಮನೆ ಬೆಂಗಳೂರಿನಲ್ಲಿ. ಇಬ್ಬರೂ ಒಂದೇ ತಾಯಿಯ ಮಕ್ಕಳು. ಒಬ್ಬ ರಾಜಧಾನಿಯಲ್ಲಿ ಬೆಳೆದ, ಇನ್ನೊಬ್ಬ ಊರಲ್ಲೇ ಉಳಿದ.

ಬೆಂಗಳೂರಿನ ಕಾರ್ಖಾನೆಯಲ್ಲಿ ಮೊದಲು ಜೋಡಿಸಿದ ವಿಮಾನ ಅಮೆರಿಕದ ಹಾರ್ಲೋ. 1941ರ ಆಗಸ್ಟಿನಲ್ಲಿ ಅದು ಹಾರಿತು. ಅದರ ಹಿಂದೆಯೇ ಕರ್ಟಿಸ್ ಹಾಕ್ ಬಂತು. ಹಾಕ್‌ನ ಕಾಲು ನೋಡಲು ಸೊಗಸು: ಹಿಂದಕ್ಕೆ ಮಡಚಿಕೊಳ್ಳುತ್ತಲೇ ತೊಂಬತ್ತು ಡಿಗ್ರಿ ತಿರುಗಿ, ಚಕ್ರವು ರೆಕ್ಕೆಯೊಳಗೆ ತಟ್ಟೆಯಂತೆ ಚಪ್ಪಟೆ ಮಲಗುತ್ತಿತ್ತು. ಸೈಕಲ್ಲು, ಎತ್ತಿನಗಾಡಿ, ಜಟಕಾ ಬಿಟ್ಟರೆ ಬೇರೆ ಗಾಲಿ ಕಾಣದ ಊರುಗಳಿಂದ ಬಂದ ಹುಡುಗರೂ ಅಲ್ಲಿ ಕೆಲಸ ಕಲಿತಿದ್ದಾರೆ. ಅವರ ಕೈಗೆ ಸಿಕ್ಕ ಪಾಠ ಇಂಥದ್ದು.

ಯುದ್ಧ ಬಂದ ಮೇಲೆ ತಯಾರಿಕೆ ಹಿಂದೆ ಸರಿಯಿತು, ರಿಪೇರಿ ಮುಂದೆ ಬಂತು. ಅಮೆರಿಕದ ಸೇನೆಯ ಉಸ್ತುವಾರಿಯಲ್ಲಿ ಬೆಂಗಳೂರು ದೊಡ್ಡ ವಿಮಾನ ದುರಸ್ತಿ ಕೇಂದ್ರವಾಯಿತು. ಆ ಕಾಲದ ಒಂದು ಚಿತ್ರ ಈಗ ನಂಬಲು ಕಷ್ಟ. ಕ್ಯಾಟಲೀನಾ ಎಂಬ ಹಾರುದೋಣಿಗಳು ಬೆಳ್ಳಂದೂರು ಕೆರೆಯ ನೀರಿಗೆ ಇಳಿದು ದುರಸ್ತಿಗಾಗಿ ಕಾರ್ಖಾನೆಗೆ ಬರುತ್ತಿದ್ದವು. ಹಾರುದೋಣಿಗೆ ಕಾಲಿಲ್ಲ, ದೋಣಿಯ ತಳವೇ ಕಾಲು. ನೆಲಕ್ಕೆ ಏರಿಸಬೇಕಾದರೆ ನೀರಿನಲ್ಲೇ ಪಕ್ಕಕ್ಕೆ ತಾತ್ಕಾಲಿಕ ಚಕ್ರಗಳನ್ನು ಕಟ್ಟಿ ಎಳೆಯಬೇಕು. ಮುಂದೆ ಇದೇ ಕ್ಯಾಟಲೀನಾಕ್ಕೆ ಮಡಚುವ ಚಕ್ರಗಳನ್ನು ಕೂಡಿಸಿ, ನೀರಿಗೂ ನೆಲಕ್ಕೂ ಆಗುವಂತೆ ಮಾಡಿದರು. ಇಂದು ನೊರೆ ಉಕ್ಕುವ ಆ ಕೆರೆಯ ದಡದಲ್ಲಿ ನಿಂತು ಇದನ್ನು ಹೇಳಿದರೆ ಕೇಳುವವರು ನಕ್ಕಾರು.

ನಮ್ಮವರೇ ವಿನ್ಯಾಸ ಮಾಡಿದ ಮೊದಲ ವಿಮಾನ ಎಚ್‌ಟಿ-2. ಡಾ. ವಿ.ಎಂ. ಘಾಟಗೆಯವರ ತಂಡ ರೂಪಿಸಿದ ಈ ತರಬೇತಿ ವಿಮಾನ 1951ರ ಆಗಸ್ಟಿನಲ್ಲಿ ಬೆಂಗಳೂರಿನಲ್ಲಿ ಹಾರಿತು. ಇದಕ್ಕೆ ಮಡಚದ ಕಾಲು, ಮುಂದೆ ಎರಡು ದೊಡ್ಡ ಚಕ್ರ, ಬಾಲದ ಕೆಳಗೆ ಒಂದು ಪುಟ್ಟ ಚಕ್ರ. ಆ ಕಾಲದ ಹೆಚ್ಚಿನ ಸಣ್ಣ ವಿಮಾನಗಳು ಹೀಗೆಯೇ ಇದ್ದವು. ಜಕ್ಕೂರಿನಂಥ ತರಬೇತಿ ಶಾಲೆಗಳಲ್ಲಿ ಹಾರಿದ ಪುಷ್ಪಕ್ ಕೂಡ ಬಾಲಚಕ್ರದ್ದೇ.

ಬಾಲಚಕ್ರದ ವಿಮಾನದ ಗುಣವೊಂದನ್ನು ಎತ್ತಿನಗಾಡಿ ಕಂಡವರಿಗೆ ಸುಲಭವಾಗಿ ಹೇಳಬಹುದು. ಗಾಡಿಯನ್ನು ಮುಂದಿನಿಂದ ಎಳೆದರೆ ನೆಟ್ಟಗೆ ಬರುತ್ತದೆ. ಅದೇ ಗಾಡಿಯನ್ನು ಹಿಂದಿನಿಂದ ತಳ್ಳಿ ನೋಡಿ, ಒಂದು ಗೇಣು ಓರೆಯಾದರೆ ಸಾಕು, ನೊಗ ಪಕ್ಕಕ್ಕೆ ತಿರುಗಿ ಇಡೀ ಗಾಡಿ ಸುತ್ತಿಕೊಳ್ಳುತ್ತದೆ. ಬಾಲಚಕ್ರದ ವಿಮಾನದಲ್ಲಿ ಭಾರವೆಲ್ಲ ಮುಖ್ಯ ಚಕ್ರಗಳ ಹಿಂದಿರುತ್ತದೆ. ಇಳಿದು ಓಡುವಾಗ ಮೂಗು ಕೊಂಚ ಓರೆಯಾದರೆ ಹಿಂದಿನ ಭಾರ ಮುಂದಕ್ಕೆ ನುಗ್ಗಲು ನೋಡುತ್ತದೆ, ವಿಮಾನ ತನ್ನ ಸುತ್ತ ತಾನೇ ಗಿರಕಿ ಹೊಡೆಯುತ್ತದೆ, ರೆಕ್ಕೆಯ ತುದಿ ನೆಲಕ್ಕೆ ಉಜ್ಜುತ್ತದೆ. ಪೈಲಟ್‌ಗಳು ಇದಕ್ಕೆ ‘ಗ್ರೌಂಡ್ ಲೂಪ್’ ಎನ್ನುತ್ತಾರೆ. ಮೂಗಿನ ಕೆಳಗೆ ಚಕ್ರವಿಟ್ಟು, ಮುಖ್ಯ ಚಕ್ರಗಳನ್ನು ಭಾರಕ್ಕಿಂತ ಹಿಂದಕ್ಕೆ ಸರಿಸಿದರೆ ಗಾಡಿಯನ್ನು ಮುಂದಿನಿಂದ ಎಳೆದಂತೆ. ಓರೆಯಾದರೂ ತಾನೇ ನೆಟ್ಟಗಾಗುತ್ತದೆ. 1964ರ ಕಿರಣ್ ಜೆಟ್ ತರಬೇತಿ ವಿಮಾನಕ್ಕೂ, 1977ರಲ್ಲಿ ಮೊದಲ ಸಲ ಹಾರಿದ ದೀಪಕ್‌ಗೂ ಮೂಗಿನ ಚಕ್ರ ಬಂದದ್ದು ಇದೇ ಕಾರಣಕ್ಕೆ. ಆದರೂ ಎಚ್‌ಟಿ-2ರಲ್ಲಿ ಕಲಿತವರು ಕಾಲಿನಲ್ಲಿ ಪೆಡಲನ್ನು ನಿಲ್ಲಿಸದೆ ಆಡಿಸುವ ಅಭ್ಯಾಸವನ್ನು ಗಳಿಸಿದರು. ವಿಮಾನ ಪೂರ್ತಿ ನಿಲ್ಲುವವರೆಗೂ ಹಾರಾಟ ಮುಗಿದಿಲ್ಲ ಎಂಬುದನ್ನು ಅದು ಕಲಿಸುತ್ತಿತ್ತು.

ಬೆಂಗಳೂರಿನ ವಿಮಾನ ಚರಿತ್ರೆಯಲ್ಲಿ ಕಾಲೇ ನಾಯಕನಾದ ಕಥೆ ಒಂದೇ ಒಂದು. ಅದು ನೌಕಾಪಡೆಯ ತೇಜಸ್. ವಾಯುಪಡೆಯ ತೇಜಸ್ 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಹಾರಿತು. ಅದರ ರೆಕ್ಕೆ ತೀರ ತೆಳು, ಕಾಲು ಮಡಚಿ ಇಡಲು ಅಲ್ಲಿ ಜಾಗವಿಲ್ಲದ್ದರಿಂದ ಕಾಲುಗಳು ಹೊಟ್ಟೆಯಿಂದಲೇ ಹೊರಬರುತ್ತವೆ. ಅದನ್ನೇ ಹಡಗಿನ ಮೇಲೆ ಇಳಿಸಬಹುದಲ್ಲ ಎಂಬ ಯೋಚನೆಯಿಂದ ನೌಕಾ ಮಾದರಿಯ ಕೆಲಸ ಆರಂಭವಾಯಿತು. ಕಾಗದದ ಮೇಲೆ ಸಣ್ಣ ಬದಲಾವಣೆ: ಕಾಲು ಗಟ್ಟಿ ಮಾಡಿ, ಬಾಲದ ಕೆಳಗೆ ಹಡಗಿನ ಹಗ್ಗಕ್ಕೆ ಸಿಕ್ಕಿಸುವ ಕೊಕ್ಕೆ ಇಡಿ.

ನೆಲದ ಮೇಲೆ ಇಳಿಯುವ ಪೈಲಟ್ ಕೊನೆಯ ಗಳಿಗೆಯಲ್ಲಿ ಮೂಗನ್ನು ಕೊಂಚ ಎತ್ತಿ, ತೇಲಿಸಿ, ಮೆತ್ತಗೆ ಕೂರಿಸುತ್ತಾನೆ. ಹಡಗಿನ ಮೇಲೆ ತೇಲಿಸಲು ಜಾಗವಿಲ್ಲ, ಕೊಕ್ಕೆ ಹಗ್ಗಕ್ಕೆ ಸಿಗಲೇಬೇಕು. ಹಾಗಾಗಿ ಬಂದ ಓಘದಲ್ಲೇ ಬಂದು ಬಡಿಯಬೇಕು. ನೆಲದ ಲೆಕ್ಕದ ಸೆಕೆಂಡಿಗೆ 3 ಮೀಟರಿನ ಜಾಗದಲ್ಲಿ ಸುಮಾರು 7 ಮೀಟರ್. ಪೆಟ್ಟಿನ ಶಕ್ತಿ ವೇಗದ ವರ್ಗದಂತೆ ಏರುತ್ತದೆ, ಅಂದರೆ ಎರಡೂಕಾಲು ಪಟ್ಟು ವೇಗಕ್ಕೆ ಐದು ಪಟ್ಟಿಗೂ ಮಿಗಿಲಾದ ಪೆಟ್ಟು. ಅದನ್ನು ತಡೆಯುವ ಕಾಲು ದಪ್ಪವಾಗಬೇಕು. ದಪ್ಪ ಕಾಲನ್ನು ಹೊರುವ ಹೊಟ್ಟೆಯ ಚೌಕಟ್ಟು ಗಟ್ಟಿಯಾಗಬೇಕು. ಅಷ್ಟು ಭಾರವಾದ ವಿಮಾನವನ್ನು ಹಡಗಿನ ಗಿಡ್ಡ ಓಟದಿಂದ ಎತ್ತಲು ಎಂಜಿನ್ನಿನ ಬಲ ಹೆಚ್ಚಬೇಕು. ಎಂಜಿನ್ ಮಾತ್ರ ಅದೇ. ಈ ಸರಪಳಿಯ ತುದಿಯಲ್ಲಿ ಸಿಕ್ಕಿಕೊಂಡದ್ದು ವಿಮಾನದ ಹೊರೆ ಹೊರುವ ಶಕ್ತಿ. ಮೊದಲ ಮಾದರಿಯ ಕಾಲು ಬೇಕಾದ್ದಕ್ಕಿಂತ ಭಾರವಾಗಿ ತಯಾರಾಗಿತ್ತು ಎಂಬುದು ವಿನ್ಯಾಸಕಾರರೇ ಒಪ್ಪಿದ ಮಾತು. ಮೊದಲ ಸಲ ಇಂಥ ಕಾಲು ಮಾಡುವವರು ಭಯದಿಂದ ದಪ್ಪ ಮಾಡುತ್ತಾರೆ, ನನಗದು ದೋಷವೆನಿಸುವುದಿಲ್ಲ.

2012ರ ಏಪ್ರಿಲ್ 27ರಂದು ನೌಕಾ ತೇಜಸ್ ಬೆಂಗಳೂರಿನಲ್ಲಿ ಹಾರಿತು. 2016ರ ಡಿಸೆಂಬರಿನಲ್ಲಿ ನೌಕಾಪಡೆಯ ಮುಖ್ಯಸ್ಥರು ಈ ವಿಮಾನ ನಮ್ಮ ಹಡಗಿಗೆ ಒಗ್ಗದು, ಭಾರ ಹೆಚ್ಚು ಎಂದರು. ಯೋಜನೆ ಅಲ್ಲಿಗೇ ಮುಗಿಯಬಹುದಿತ್ತು. ಮುಗಿಯಲಿಲ್ಲ. ಗೋವಾದ ತೀರದಲ್ಲಿ ಹಡಗಿನ ಅಟ್ಟದ ಪ್ರತಿಕೃತಿಯ ಮೇಲೆ ಮತ್ತೆ ಮತ್ತೆ ಬಡಿಸಿ ಬಡಿಸಿ ಪರೀಕ್ಷೆ ಮಾಡಿದರು. 2019ರ ಸೆಪ್ಟೆಂಬರ್ 13ರಂದು ಅಲ್ಲಿ ಹಗ್ಗಕ್ಕೆ ಕೊಕ್ಕೆ ಸಿಕ್ಕಿ ವಿಮಾನ ನಿಂತಿತು. 2020ರ ಜನವರಿ 11ರಂದು ಕಮೊಡೋರ್ ಜೈದೀಪ್ ಮಾವಳಂಕರ್ ಅದನ್ನು ಐಎನ್‌ಎಸ್ ವಿಕ್ರಮಾದಿತ್ಯದ ಮೇಲೆ ಇಳಿಸಿದರು. ನೌಕಾಪಡೆ ಅದನ್ನು ಕೊಳ್ಳಲಿಲ್ಲ; ಅದರಲ್ಲಿ ಕಲಿತದ್ದು ಎರಡು ಎಂಜಿನ್ನಿನ ಇನ್ನೊಂದು ವಿಮಾನದ ಯೋಜನೆಗೆ ಹೋಯಿತು. ಪತ್ರಿಕೆಗಳು ಇದನ್ನು ಸೋಲು ಎಂದೋ ಗೆಲುವು ಎಂದೋ ಒಂದೇ ಮಾತಿನಲ್ಲಿ ಬರೆದವು. ಒಂದು ದೇಶ ಹಡಗಿಗೆ ಇಳಿಯುವ ಕಾಲನ್ನು ಮೊದಲ ಬಾರಿ ಮಾಡಿತು, ಆ ಕಾಲು ಮುರಿಯಲಿಲ್ಲ. ಇಷ್ಟು ಮಾತ್ರ ಅದರ ವಾಸ್ತವ.

ನಮ್ಮ ನೆರೆಯ ಚಿತ್ರದುರ್ಗದಲ್ಲೂ ಒಂದು ಕಾಲಿನ ಕಥೆಯಿದೆ. ಚಳ್ಳಕೆರೆಯ ಬಯಲಿನಲ್ಲಿ ಡಿಆರ್‌ಡಿಒದ ಪರೀಕ್ಷಾ ಕೇಂದ್ರವಿದೆ. ಪೈಲಟ್ ಇಲ್ಲದ ತಾಪಸ್ ವಿಮಾನ 2016ರ ನವೆಂಬರಿನಲ್ಲಿ ಹಾರಿದ್ದು ಅಲ್ಲಿ. ಅದರ ಮಡಚುವ ಕಾಲನ್ನು ಮಾಡಿದ್ದು ಚೆನ್ನೈ ಬಳಿಯ ಆವಡಿಯಲ್ಲಿರುವ ಯುದ್ಧವಾಹನಗಳ ಸಂಶೋಧನಾ ಸಂಸ್ಥೆ, ಅಂದರೆ ಅರ್ಜುನ್ ಟ್ಯಾಂಕ್ ಮಾಡಿದವರು. ಟ್ಯಾಂಕಿನವರಿಗೆ ವಿಮಾನದ ಕಾಲು ಹೇಗೆ ಒಲಿಯಿತು? ಅರ್ಜುನ್ ಟ್ಯಾಂಕು ಹಳ್ಳಕೊಳ್ಳದಲ್ಲಿ ಕುಲುಕದಂತೆ ಹಿಡಿಯುವುದೂ ಎಣ್ಣೆ ಮತ್ತು ಅನಿಲದ ಶಾಕ್ ಅಬ್ಸಾರ್ಬರೇ. ಫಿರಂಗಿಯಿಂದ ವಿಮಾನಕ್ಕೆ ಬಂದ ಉಪಾಯ ನೂರು ವರ್ಷದ ಮೇಲೆ ಮತ್ತೊಮ್ಮೆ ಟ್ಯಾಂಕಿನ ಕಡೆಯಿಂದ ಬಂತು.

ಇನ್ನು ಉಕ್ಕಿನ ಮಾತು. ಇಂದಿನ ವಿಮಾನದ ಮೈ ಅಲ್ಯೂಮಿನಿಯಂ, ಕಾರ್ಬನ್ ನಾರು. ಉಕ್ಕಿಗೆ ಅಲ್ಲಿ ಹೆಚ್ಚು ಜಾಗವಿಲ್ಲ. ಆದರೂ ದೊಡ್ಡ ವಿಮಾನಗಳ ಕಾಲಿನ ಮುಖ್ಯ ಕಂಬ ಉಕ್ಕಿನದ್ದೇ. ಕಾರಣ ಸರಳ. ಕಾಲನ್ನು ಮಡಚಿ ಸಣ್ಣ ಗೂಡಿನೊಳಗೆ ಇಡಬೇಕು. ಅಷ್ಟೇ ಜಾಗದಲ್ಲಿ ಅತಿ ಹೆಚ್ಚು ಭಾರ ಹೊರಬಲ್ಲದ್ದು ಉಕ್ಕು. ಈ ಕೆಲಸಕ್ಕೆ ಹೆಸರಾದದ್ದು 300ಎಂ ಎಂಬ ಜಾತಿ. ನೂರಕ್ಕೆ 0.4 ಪಾಲು ಇಂಗಾಲ, ಸ್ವಲ್ಪ ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ, ಚಿಟಿಕೆ ವನೇಡಿಯಂ, ಜೊತೆಗೆ ಒಂದೂವರೆಗೂ ಮಿಕ್ಕಿ ಸಿಲಿಕಾನ್. ಮನೆ ಕಟ್ಟುವ ಸಾದಾ ಉಕ್ಕಿಗಿಂತ ನಾಲ್ಕೈದು ಪಟ್ಟು ಎಳೆತ ತಡೆಯುತ್ತದೆ. ಕರಗಿಸುವಾಗ ಒಳಗೆ ಅನಿಲವಾಗಲೀ ಕಸವಾಗಲೀ ಉಳಿಯಬಾರದು. ಅದಕ್ಕಾಗಿ ಗಾಳಿಯಿಲ್ಲದ ಕೋಣೆಯಲ್ಲಿ ವಿದ್ಯುತ್ ಕಿಡಿಯಿಂದ ಎರಡನೇ ಸಲ ಕರಗಿಸುತ್ತಾರೆ. ಆಮೇಲೆ ಬಡಿದು ಆಕಾರ ಕೊಡುತ್ತಾರೆ, ಬಿಸಿ ಮಾಡಿ, ಎಣ್ಣೆಯಲ್ಲಿ ತಣಿಸಿ, ಮತ್ತೆ ಹದವಾಗಿ ಬಿಸಿ ಮಾಡುತ್ತಾರೆ. ಹಳ್ಳಿಯ ಕಮ್ಮಾರ ಕುಡುಗೋಲಿಗೆ ಹದ ಹಾಕುವುದು ಗೊತ್ತಿದ್ದವರಿಗೆ ಇದು ಹೊಸ ಮಾತಲ್ಲ. ಹಳೆಯ ಮೈಸೂರು ಸೀಮೆಯಲ್ಲಿ ಮೂಸೆಯಲ್ಲಿ ಉಕ್ಕು ಮಾಡುವುದನ್ನು 1800ರಲ್ಲಿ ಫ್ರಾನ್ಸಿಸ್ ಬುಕಾನನ್ ಕಂಡು ಬರೆದಿದ್ದಾನೆ. ಯುರೋಪಿನ ವಿಜ್ಞಾನಿಗಳು ತಲೆಕೆಡಿಸಿಕೊಂಡ ‘ವೂಟ್ಸ್’ ಎಂಬ ಪದ ನಮ್ಮ ‘ಉಕ್ಕು’ ಎಂಬುದರಿಂದಲೇ ಹೋದದ್ದೆಂದು ಹಲವು ವಿದ್ವಾಂಸರ ಮಾತು.

ಇಷ್ಟು ಗಟ್ಟಿಯಾದ ಉಕ್ಕಿಗೆ ಒಂದು ಕೆಟ್ಟ ಗುಣವಿದೆ. ಅದು ಮುನ್ಸೂಚನೆ ಕೊಡುವುದಿಲ್ಲ. ಸಾದಾ ಕಬ್ಬಿಣ ಬಾಗುತ್ತದೆ, ನರಳುತ್ತದೆ, ಆಮೇಲೆ ಮುರಿಯುತ್ತದೆ. ಕಾಲಿನ ಉಕ್ಕು ಒಂದು ಕೂದಲೆಳೆಯ ಬಿರುಕಿನಿಂದ ಹಪ್ಪಳದಂತೆ ಚಟ್ಟೆಂದು ಮುರಿಯಬಲ್ಲದು. ಆ ಬಿರುಕಿಗೆ ಕಾರಣ ಒಂದು ಕಲ್ಲು ತಾಗಿದ ಗೀರು, ಒಂದು ಚುಕ್ಕೆ ತುಕ್ಕು, ಇಲ್ಲವೇ ಹೈಡ್ರೋಜನ್. ಈ ಹೈಡ್ರೋಜನ್ನಿನದು ವಿಚಿತ್ರ. ತುಕ್ಕು ಹಿಡಿಯದಿರಲೆಂದು ಕಾಲಿಗೆ ಕ್ಯಾಡ್ಮಿಯಂ ಅಥವಾ ಕ್ರೋಮ್ ಲೇಪ ಹಾಕುತ್ತಾರೆ. ಹಾಕುವ ತೊಟ್ಟಿಯಲ್ಲೇ ಹೈಡ್ರೋಜನ್ ಉಕ್ಕಿನೊಳಗೆ ಇಳಿಯುತ್ತದೆ. ಕಾಪಾಡಲು ಹಾಕಿದ ಲೇಪವೇ ಒಳಗೊಳಗೆ ಕೊಲ್ಲುತ್ತದೆ, ಅದೂ ಅಂದೇ ಅಲ್ಲ, ದಿನಗಳೋ ವಾರಗಳೋ ಕಳೆದ ಮೇಲೆ. ಪರಿಹಾರ: ಲೇಪ ಹಾಕಿದ ಕೆಲವೇ ಗಂಟೆಗಳೊಳಗೆ ಒಲೆಯಲ್ಲಿಟ್ಟು ಸುಮಾರು 190 ಡಿಗ್ರಿಯಲ್ಲಿ ಹೆಚ್ಚುಕಡಿಮೆ ಇಡೀ ದಿನ ಬೇಯಿಸುವುದು. ಗಡಿಯಾರ ನೋಡಿ ಒಲೆಗೆ ಇಡುವ ಆ ಒಬ್ಬ ಕೆಲಸಗಾರ ತಡ ಮಾಡಿದರೆ ಹೊರಗಿನಿಂದ ಯಾರಿಗೂ ತಿಳಿಯದು. ಕಾಲು ಫಳಫಳ ಹೊಳೆಯುತ್ತಲೇ ಇರುತ್ತದೆ.

ಸುಮಾರು ಹತ್ತು ವರ್ಷಕ್ಕೊಮ್ಮೆ ದೊಡ್ಡ ವಿಮಾನದ ಕಾಲನ್ನು ಪೂರ್ತಿ ಕಳಚಿ ವರ್ಕ್‌ಶಾಪಿಗೆ ಕಳಿಸುತ್ತಾರೆ. ಲೇಪವೆಲ್ಲ ತೆಗೆದು, ಬತ್ತಲೆ ಉಕ್ಕನ್ನು ಅಯಸ್ಕಾಂತವಾಗಿಸಿ, ಹೊಳೆಯುವ ಸಣ್ಣ ಕಬ್ಬಿಣದ ಪುಡಿಯ ದ್ರವ ಸುರಿದು, ಕತ್ತಲಲ್ಲಿ ನೇರಳೆ ಬೆಳಕಿನಲ್ಲಿ ನೋಡುತ್ತಾರೆ. ಬಿರುಕಿದ್ದರೆ ಅದರ ಅಂಚಿನಲ್ಲಿ ಪುಡಿ ಸಾಲುಗಟ್ಟಿ ಗೆರೆಯಾಗಿ ಹೊಳೆಯುತ್ತದೆ. ಉಜ್ಜುವಾಗ ಹೆಚ್ಚು ಬಿಸಿಯಾಗಿ ಹದ ಕೆಟ್ಟ ಜಾಗವನ್ನು ಆಸಿಡ್ ಸವರಿ ಪತ್ತೆ ಮಾಡುತ್ತಾರೆ. ಸಣ್ಣ ಗುಂಡುಗಳನ್ನು ಮೇಲ್ಮೈಗೆ ಸಿಡಿಸಿ ಬಡಿದು ಬಿಗಿ ಮಾಡುತ್ತಾರೆ. ಆಮೇಲೆ ಮತ್ತೆ ಲೇಪ, ಮತ್ತೆ ಒಲೆ. ದಿನದಿನದ ಕೆಲಸ ಇದಕ್ಕಿಂತ ಸಪ್ಪೆ: ಕಂಬದ ಹೊಳೆಯುವ ಭಾಗ ಎಷ್ಟು ಕಾಣುತ್ತಿದೆ, ಎಣ್ಣೆ ಜಿನುಗಿದೆಯೇ, ಟೈರು ಸವೆದಿದೆಯೇ, ಅದರ ಒತ್ತಡ ಎಷ್ಟು. ದೊಡ್ಡ ಜೆಟ್ ವಿಮಾನದ ಟೈರಿನಲ್ಲಿ ಸುಮಾರು 200 ಪಿಎಸ್‌ಐ ಇರುತ್ತದೆ, ನಮ್ಮ ಕಾರಿನ ಆರು ಪಟ್ಟು.

ಈ ಸಪ್ಪೆ ಕೆಲಸ ತಪ್ಪಿದರೆ ಏನಾಗುತ್ತದೆಂಬುದಕ್ಕೆ 1991ರ ಜುಲೈ 11ರ ಜೆಡ್ಡಾ ಸಾಕು. ಹಜ್ ಮುಗಿಸಿದ ನೈಜೀರಿಯಾದ ಯಾತ್ರಿಕರನ್ನು ಊರಿಗೆ ಒಯ್ಯಲು ಬಾಡಿಗೆಗೆ ಬಂದಿದ್ದ ಕೆನಡಾದ ಡಿಸಿ-8 ವಿಮಾನ. ಟೈರುಗಳಲ್ಲಿ ಒತ್ತಡ ಕಡಿಮೆಯಿರುವುದು ಮೆಕ್ಯಾನಿಕ್‌ಗಳಿಗೆ ಮೊದಲೇ ಗೊತ್ತಿತ್ತು. ತುಂಬಿಸಲು ನೈಟ್ರೋಜನ್ ಕೂಡಲೇ ಸಿಗಲಿಲ್ಲ. ವೇಳಾಪಟ್ಟಿ ತಪ್ಪಬಾರದೆಂದು ಹಾಗೆಯೇ ಬಿಟ್ಟರು. ದಾಖಲೆಯಲ್ಲಿ ಒತ್ತಡದ ಅಂಕಿ ತಿದ್ದಲಾಗಿತ್ತೆಂದು ಆಮೇಲೆ ತನಿಖೆಯಲ್ಲಿ ತಿಳಿಯಿತು. ರನ್‌ವೇಯಲ್ಲಿ ಓಡುತ್ತಿರುವಾಗ ಒಂದು ಟೈರು ಸೋತಿತು, ಅದರ ಭಾರ ಪಕ್ಕದ ಟೈರಿಗೆ ಬಿತ್ತು, ಅದೂ ಸೋತಿತು, ಚಕ್ರ ನೆಲಕ್ಕೆ ಉಜ್ಜಿ ಬೆಂಕಿ ಹತ್ತಿತು. ವಿಮಾನ ಮೇಲೇರಿತು, ಪದ್ಧತಿಯಂತೆ ಕಾಲನ್ನು ಮಡಚಿತು. ಉರಿಯುತ್ತಿದ್ದ ಚಕ್ರವನ್ನೇ ಹೊಟ್ಟೆಯೊಳಗೆ ಎಳೆದುಕೊಂಡಿತು. ಅದರಲ್ಲಿದ್ದ 261 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಐದು ವರ್ಷ ಹಿಂದೆ, 1986ರಲ್ಲಿ, ಮೆಕ್ಸಿಕೋದಲ್ಲಿ ಟೈರಿಗೆ ನೈಟ್ರೋಜನ್ ಬದಲು ಸಾದಾ ಗಾಳಿ ತುಂಬಿದ್ದ ಬೋಯಿಂಗ್ 727ರ ಚಕ್ರ ಬ್ರೇಕಿನ ಬಿಸಿಗೆ ಸಿಡಿದು 167 ಜನ ಸತ್ತಿದ್ದರು. ಗಾಳಿಯಲ್ಲಿ ಆಮ್ಲಜನಕವಿದೆ, ಬಿಸಿ ರಬ್ಬರಿನ ಜೊತೆ ಸೇರಿದರೆ ಸ್ಫೋಟವಾಗುತ್ತದೆ. ನೈಟ್ರೋಜನ್ ಹಾಗೆ ಮಾಡದು.

ಕಾಲು ಸರಿಯಿದ್ದೂ ಸತ್ತವರಿದ್ದಾರೆ. 1972ರ ಡಿಸೆಂಬರ್ 29ರ ರಾತ್ರಿ ಮಯಾಮಿಯ ಬಳಿ ಈಸ್ಟರ್ನ್ ಕಂಪನಿಯ ವಿಮಾನದಲ್ಲಿ ಮೂಗಿನ ಚಕ್ರ ಇಳಿದಿದೆ ಎಂದು ತೋರಿಸುವ ಪುಟ್ಟ ಬಲ್ಬು ಹೊತ್ತಲಿಲ್ಲ. ಚಕ್ರ ಇಳಿದೇ ಇತ್ತು, ಕೆಟ್ಟದ್ದು ಬಲ್ಬು. ಕಾಕ್‌ಪಿಟ್ಟಿನಲ್ಲಿದ್ದವರೆಲ್ಲ ಬಲ್ಬಿನ ಮೇಲೆ ಬಿದ್ದರು. ವಿಮಾನ ಮೆಲ್ಲಗೆ ಕೆಳಗಿಳಿಯುತ್ತಿದ್ದುದನ್ನು ಯಾರೂ ನೋಡಲಿಲ್ಲ. ಅದು ಜೌಗಿಗೆ ಬಿತ್ತು, ನೂರಕ್ಕೂ ಹೆಚ್ಚು ಜನ ಸತ್ತರು. ಇದಕ್ಕೆ ತದ್ವಿರುದ್ಧವಾದದ್ದು 2011ರ ನವೆಂಬರ್ 1ರ ವಾರ್ಸಾ. ಹೈಡ್ರಾಲಿಕ್ ಎಣ್ಣೆ ಸೋರಿಹೋದ ಬೋಯಿಂಗ್ 767ರ ಕಾಲುಗಳು ಇಳಿಯಲಿಲ್ಲ. ತುರ್ತು ವ್ಯವಸ್ಥೆಯೂ ಕೆಲಸ ಮಾಡಲಿಲ್ಲ, ಅದರ ಒಂದು ಸರ್ಕ್ಯೂಟ್ ಬ್ರೇಕರ್ ಹೊರಬಂದಿದ್ದುದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕ್ಯಾಪ್ಟನ್ ತದೆಉಷ್ ವ್ರೋನಾ ಹೊಟ್ಟೆಯ ಮೇಲೆಯೇ ಇಳಿಸಿದರು. 231 ಜನರಿಗೂ ಜೀವಾಪಾಯವಾಗಲಿಲ್ಲ. ನಮ್ಮ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲೂ 2023ರ ಜುಲೈ 11ರಂದು ಸಣ್ಣ ಪ್ರೀಮಿಯರ್ ಜೆಟ್ ಒಂದು ಮೂಗಿನ ಚಕ್ರ ಕೆಳಗಿಲ್ಲದೆ ಇಳಿದು, ಮೂಗು ಉಜ್ಜುತ್ತಾ ನಿಂತಿತು. ಒಳಗಿದ್ದ ಇಬ್ಬರು ಪೈಲಟ್‌ಗಳೂ ಕ್ಷೇಮ.

ಇದನ್ನೆಲ್ಲ ಭದ್ರಾವತಿಯಲ್ಲಿ ಕೂತು ಹೇಳಲು ಕಾರಣವಿದೆ. ವಿಐಎಸ್‌ಎಲ್ ಕೊನೆಗೆ ಉಳಿಸಿಕೊಂಡಿದ್ದ ಹೆಸರು ಮಿಶ್ರಲೋಹದ, ವಿಶೇಷ ಉಕ್ಕಿನದು. ರೈಲ್ವೆಗೆ, ರಕ್ಷಣಾ ಕಾರ್ಖಾನೆಗಳಿಗೆ ಉಕ್ಕು, ಬಡಿದು ಮಾಡಿದ ಭಾರೀ ಭಾಗಗಳು ಇಲ್ಲಿಂದ ಹೋದವು. ವಿಮಾನದ ಕಾಲಿಗೆ ಬೇಕಾದ ಹದ ಇದಕ್ಕಿಂತ ಹಲವು ಮೆಟ್ಟಿಲು ಮೇಲಿನದು. ಆದರೆ ಮೆಟ್ಟಿಲು ಅದೇ. ಉಕ್ಕಿನೊಳಗೆ ಕಣ್ಣಿಗೆ ಕಾಣದ್ದು ಏನಿದೆ ಎಂದು ಕೇಳುವ ಅಭ್ಯಾಸ, ಒಲೆಯ ಹೊತ್ತನ್ನು ತಪ್ಪಿಸದ ಅಭ್ಯಾಸ, ಬಿರುಕು ಕಂಡರೆ ‘ಪರವಾಗಿಲ್ಲ ಬಿಡಿ’ ಎನ್ನದ ಅಭ್ಯಾಸ. ಜನ್ನಾಪುರ, ನ್ಯೂಟೌನ್, ಹಳೇನಗರದ ಮನೆಗಳಲ್ಲಿ ಇವು ಮೂರು ತಲೆಮಾರು ಬಾಳಿವೆ. ಸಂಬಳದ ಚೀಟಿಯಲ್ಲಿ ಇದಕ್ಕೆ ಕಾಲಂ ಇರಲಿಲ್ಲ, ಹಾಗಾಗಿ ಮುಚ್ಚುವ ಲೆಕ್ಕದಲ್ಲೂ ಇದು ಬರಲಿಲ್ಲ.

ಕೆಮ್ಮಣ್ಣುಗುಂಡಿಯ ಗಣಿಗಾರಿಕೆ ನಿಂತ ಮೇಲೆ ಕಾರ್ಖಾನೆಗೆ ಸ್ವಂತ ಅದಿರಿರಲಿಲ್ಲ. ಹೂಡಿಕೆ ಬರಲಿಲ್ಲ. 2016ರಲ್ಲಿ ಮಾರಲು ತೀರ್ಮಾನವಾಯಿತು. ಕೊಳ್ಳುವವರು ಬರದೆ 2022ರಲ್ಲಿ ಆ ಪ್ರಕ್ರಿಯೆ ಕೈಬಿಟ್ಟರು. ನಂತರ ಮುಚ್ಚುವ ಮಾತು. ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಅನುಭವಿಗಳು ನಿವೃತ್ತರಾದರು, ಅವರ ಮಕ್ಕಳು ಬೆಂಗಳೂರಿಗೆ ಹೋದರು. ಅಂಥವರು ಹಬ್ಬಕ್ಕೆ ಊರಿಗೆ ಬರಲು ಈಗ ವಿಮಾನವಿದೆ, ಸುಮಾರು ಒಂದು ಗಂಟೆಯ ದಾರಿ. ಮೂರು ಕಿಲೋಮೀಟರಿಗೂ ಉದ್ದದ ರನ್‌ವೇ, ಎಟಿಆರ್‌ಗೆ ಅದರ ಅರ್ಧವೂ ಬೇಡ.

2023ರ ಆಗಸ್ಟಿನಲ್ಲಿ, ಆ ಮೊದಲ ವಿಮಾನ ಬಂದ ತಿಂಗಳಲ್ಲೇ, ವಿಐಎಸ್‌ಎಲ್‌ನ ಬಾರ್ ಮಿಲ್ ಮತ್ತೆ ತಿರುಗತೊಡಗಿತು. ಕರಗಿಸುವ ಕುಲುಮೆಯಲ್ಲ, ಹೊರಗಿನಿಂದ ತಂದ ಉಕ್ಕಿನ ಗಟ್ಟಿಗಳನ್ನು ಕಾಯಿಸಿ ಸರಳುಗಳಾಗಿ ಉರುಳಿಸುವ ಕೆಲಸ ಮಾತ್ರ. ಹೊರಬಂದ ಸರಳನ್ನು ಇಲ್ಲಿಯೂ ತಪಾಸಣೆಗೆ ಕಳಿಸುತ್ತಾರೆ. ಒಳಗೆ ಬಿರುಕಿದೆಯೇ ಎಂದು ನೋಡುವವರು ಇನ್ನೂ ಕೆಲವರಿದ್ದಾರೆ.